ಸ್ಟೇಡಿಯಂ ‘ಪೂರ್ತಿ ಖಾಸಗಿ ದುಡ್ಡಿನದು’ ಅಂದರೆ ಕೊನೆಗೆ ಕಟ್ಟುವವರು ಯಾರು?

ಪ್ರಶ್ನೆ: ನಾನು ಮೂಲತಃ ಹಾಸನದ ಕಡೆಯವಳು. ಹದಿನೆಂಟು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂ ನವೀಕರಣಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದಿದ್ದಾರೆ. ಅದೆಲ್ಲ ದಾನಿಗಳ ದುಡ್ಡು, ನಾವು ಕಟ್ಟುವ ಫೀಸಿಗೂ ಅದಕ್ಕೂ ಸಂಬಂಧ ಇಲ್ಲ ಅಂತಾರೆ ನಮ್ಮ ಯಜಮಾನರು. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ. ಇನ್ನೊಂದು ವಿಷಯ. ಊರಿನಲ್ಲಿ ನಾನು ಓದಿದ ಕಾಲೇಜಿನ ಹಳೇ ವಿದ್ಯಾರ್ಥಿಗಳ ಸಂಘದವರು ಮೈದಾನಕ್ಕೆ ಗ್ಯಾಲರಿ, ಸಿಂಥೆಟಿಕ್ ಟ್ರ್ಯಾಕ್ ಮಾಡಿಸುತ್ತೇವೆ, ಚಂದಾ ಕೊಡಿ ಅಂತ ಕೇಳುತ್ತಿದ್ದಾರೆ. ಪೂರ್ತಿ ಖಾಸಗಿ ದುಡ್ಡು, ಕಾಲೇಜಿಗೆ ಒಂದು ಪೈಸೆ ಹೊರೆ ಇಲ್ಲ ಅನ್ನುವುದು ಅವರ ಮಾತು. ಕೊಡಬಹುದಾ? ಕೊಡುವ ಮುಂಚೆ ಏನು ಕೇಳಬೇಕು?

ಉತ್ತರ: ನವೀಕರಣ ಶುರುವಾದ ದಿನ ನಿಮ್ಮ ಯಜಮಾನರ ಮಾತು ಸರಿಯಾಗಿತ್ತು. ವಿಶ್ವವಿದ್ಯಾಲಯವೂ ಆಗ ಅದನ್ನೇ ಹೇಳಿತ್ತು. 2018ರ ಹೊತ್ತಿಗೆ ಆ ಮಾತು ಉಳಿಯಲಿಲ್ಲ. ನಡುವೆ ಏನಾಯಿತು ಅಂತ ಗೊತ್ತಾದರೆ ನಿಮ್ಮ ಎರಡನೇ ಪ್ರಶ್ನೆಗೂ ದಾರಿ ಸಿಗುತ್ತದೆ. ಹಾಗಾಗಿ ಬರ್ಕ್ಲಿಯ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಆ ಸ್ಟೇಡಿಯಂ ಕಟ್ಟಿದ್ದು 1923ರಲ್ಲಿ, ಮೊದಲನೇ ಮಹಾಯುದ್ಧದಲ್ಲಿ ಸತ್ತ ಕ್ಯಾಲಿಫೋರ್ನಿಯಾದವರ ನೆನಪಿಗೆ. ಬೆಟ್ಟದ ಮಡಿಲಲ್ಲಿ ತುಂಬಾ ಚೆಂದದ ಜಾಗ. ಆದರೆ ಹೇವರ್ಡ್ ಎಂಬ ಭೂಕಂಪದ ಬಿರುಕು ಮೈದಾನದ ಅಡಿಯಲ್ಲೇ ಹಾದುಹೋಗುತ್ತದೆ, ಹೆಚ್ಚುಕಡಿಮೆ ಒಂದು ಗೋಲ್‌ಪೋಸ್ಟ್‌ನಿಂದ ಇನ್ನೊಂದು ಗೋಲ್‌ಪೋಸ್ಟ್‌ವರೆಗೆ. 1997ರಲ್ಲಿ ವಿಶ್ವವಿದ್ಯಾಲಯ ತನ್ನ ಕಟ್ಟಡಗಳನ್ನೆಲ್ಲ ತಪಾಸಣೆ ಮಾಡಿಸಿದಾಗ ಈ ಸ್ಟೇಡಿಯಂ ಭೂಕಂಪ ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲ ಅಂತ ಗೊತ್ತಾಯಿತು. ಎಪ್ಪತ್ತು ಸಾವಿರ ಜನ ಕೂರುವ ಜಾಗ. ದುರಸ್ತಿ ಮಾಡದೆ ಬಿಡುವ ಹಾಗಿರಲಿಲ್ಲ.

ಕೆಲಸವೂ ಸಣ್ಣದಲ್ಲ. ಬಿರುಕು ಹಾದುಹೋಗುವ ಎರಡೂ ತುದಿಗಳಲ್ಲಿ ಗ್ಯಾಲರಿಯನ್ನು ಬೇರೆ ಬೇರೆ ತುಂಡುಗಳಾಗಿ ಕಟ್ಟಿದ್ದಾರೆ. ಭೂಮಿ ಅಡ್ಡಕ್ಕೆ ಆರು ಅಡಿ, ಮೇಲಕ್ಕೆ ಎರಡು ಅಡಿ ಸರಿದರೂ ಆ ತುಂಡುಗಳು ತಮ್ಮ ಪಾಡಿಗೆ ಜರುಗಬೇಕು, ಪಕ್ಕದ ಭಾಗವನ್ನು ಎಳೆದು ಬೀಳಿಸಬಾರದು. ಎಂಜಿನಿಯರುಗಳ ಕೆಲಸಕ್ಕೆ ನನ್ನ ಪೂರ್ತಿ ಗೌರವ ಇದೆ. ಪಕ್ಕದಲ್ಲಿ ಆಟಗಾರರ ತರಬೇತಿ ಕೇಂದ್ರ ಕಟ್ಟಲು ಹೊರಟಾಗ ಅಲ್ಲಿದ್ದ ಓಕ್ ಮರಗಳನ್ನು ಕಡಿಯಬಾರದು ಅಂತ ಜನ 2006ರ ಡಿಸೆಂಬರ್‌ನಿಂದ 2008ರ ಸೆಪ್ಟೆಂಬರ್‌ವರೆಗೆ ಮರದ ಮೇಲೇ ಕೂತರು. ಕೋರ್ಟು, ಕಚೇರಿ ಎಲ್ಲ ಆಯಿತು. ಕೊನೆಗೆ 2012ರ ಸೆಪ್ಟೆಂಬರ್‌ನಲ್ಲಿ ಸ್ಟೇಡಿಯಂ ಮತ್ತೆ ತೆರೆಯಿತು. ಸ್ಟೇಡಿಯಂಗೆ ಆದ ಖರ್ಚು ಸುಮಾರು 32 ಕೋಟಿ ಡಾಲರ್. ತರಬೇತಿ ಕೇಂದ್ರಕ್ಕೆ ಇನ್ನೊಂದು 15 ಕೋಟಿ.

ಈ ದುಡ್ಡನ್ನು ಹೊಂದಿಸಲು ಅವರು ಮಾಡಿದ ಯೋಜನೆ ಕಾಗದದ ಮೇಲೆ ನಿಜಕ್ಕೂ ಜಾಣತನದ್ದು. ಒಳ್ಳೆಯ ಜಾಗದ ಸುಮಾರು 3,000 ಸೀಟುಗಳನ್ನು ಆರಿಸಿಕೊಂಡರು. ಆ ಸೀಟಿನಲ್ಲಿ 40–50 ವರ್ಷ ಕೂರುವ ಹಕ್ಕನ್ನು ಮಾರಲು ಇಟ್ಟರು. ನಮ್ಮ ಕಡೆ ಮನೆಯನ್ನು ಲೀಸಿಗೆ ಹಾಕಿಕೊಳ್ಳುತ್ತಾರಲ್ಲ, ಹತ್ತಿರಹತ್ತಿರ ಹಾಗೆ. ಬೆಲೆ ಒಂದು ಸೀಟಿಗೆ 40 ಸಾವಿರ ಡಾಲರ್‌ನಿಂದ ಹಿಡಿದು ಎರಡು ಲಕ್ಷ ಡಾಲರ್ ದಾಟುತ್ತಿತ್ತು. ಎಲ್ಲ ಮಾರಾಟವಾದರೆ 27 ಕೋಟಿ ಡಾಲರ್ ಬರುತ್ತದೆ, ಅದನ್ನು ಮೂಲನಿಧಿಯಾಗಿ ಇಟ್ಟು ಬೆಳೆಸಿದರೆ ಕಟ್ಟಡದ ಸಾಲವನ್ನೂ ತೀರಿಸಬಹುದು, ಆಮೇಲೆ ಬೇರೆ ಆಟಗಳಿಗೂ ದುಡ್ಡು ಉಳಿಯುತ್ತದೆ ಎಂಬ ಲೆಕ್ಕ. ಸರ್ಕಾರದ ದುಡ್ಡು ಬೇಡ, ಫೀಸಿನ ದುಡ್ಡೂ ಬೇಡ. ಇದನ್ನು ಕೇಳಿದರೆ ಯಾರಿಗಾದರೂ ಖುಷಿಯೇ ಆಗುತ್ತದೆ, ಅಲ್ವಾ?

ಮಾರಾಟ ಶುರುವಾಗಿದ್ದು 2009ರ ಜನವರಿಯಲ್ಲಿ. ಲೇಮನ್ ಬ್ರದರ್ಸ್ ಎಂಬ ದೊಡ್ಡ ಅಮೆರಿಕನ್ ಬ್ಯಾಂಕ್ ಮುಳುಗಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ಜನರ ನಿವೃತ್ತಿಯ ಉಳಿತಾಯವೇ ಕರಗುತ್ತಿದ್ದ ಹೊತ್ತು. ಆ ಹೊತ್ತಿನಲ್ಲಿ ಐವತ್ತು ವರ್ಷದ ಸೀಟಿಗೆ ಲಕ್ಷ ಡಾಲರ್ ಯಾರು ಕೊಡುತ್ತಾರೆ? ಕೊಟ್ಟವರೂ ಇದ್ದರು. ಅವರಿಗೂ ಒಂದೇ ಸಲ ಕೊಡಬೇಕಾಗಿರಲಿಲ್ಲ, ಎಷ್ಟೋ ವರ್ಷ ಕಂತಿನಲ್ಲಿ ಕಟ್ಟುವ ಅವಕಾಶ ಇತ್ತು. ಅಲ್ಲಿಗೆ ಲೆಕ್ಕದ ಬುಡವೇ ಸಡಿಲವಾಯಿತು. ಮೂಲನಿಧಿ ಬೆಳೆಯಬೇಕಾದರೆ ದುಡ್ಡು ಮೊದಲೇ ಕೈಗೆ ಬಂದಿರಬೇಕು. ಅದು ಕಂತುಕಂತಾಗಿ ತೊಟ್ಟಿಕ್ಕಿತು. ಕಂಟ್ರಾಕ್ಟರಿಗೆ ಮಾತ್ರ ಬಿಲ್ ಬಂದ ಹಾಗೆ ದುಡ್ಡು ಕೊಡಲೇಬೇಕಲ್ಲ.

ಆದ್ದರಿಂದ ಸಾಲ. ಸುಮಾರು 44 ಕೋಟಿ ಡಾಲರ್‌ಗೂ ಜಾಸ್ತಿ. ಮೊದಲ ಎರಡು ದಶಕ ಬರೀ ಬಡ್ಡಿ, ವರ್ಷಕ್ಕೆ ಸುಮಾರು 1.8 ಕೋಟಿ ಡಾಲರ್. ಅಸಲಿಗೆ ಕೈ ಹಾಕುವುದು 2030ರ ದಶಕದಲ್ಲಿ. ಸಾಲದ ಕೊನೆಯ ಭಾಗ ತೀರುವುದು 2112ರಲ್ಲಿ. ನಿಮ್ಮ ಮಗನ ಮೊಮ್ಮಕ್ಕಳು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿರುತ್ತಾರೆ, ಆಗಲೂ ಈ ಕಂತು ನಡೆಯುತ್ತಿರುತ್ತದೆ.

ಇಲ್ಲಿ ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಿ. ನಾನು ವಿಶ್ವವಿದ್ಯಾಲಯಗಳ ಲೆಕ್ಕಪತ್ರ ಓದುವ ಕೆಲಸದಲ್ಲಿರುವವನು. ಸ್ಟೇಡಿಯಂ ಯೋಜನೆಗಳ ಪ್ರಕಟಣೆಯಲ್ಲಿ ‘ಹಣದ ಮೂಲಗಳು’ ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ದಾನ, ಸೀಟು ಮಾರಾಟ, ಹೆಸರಿನ ಹಕ್ಕು (ದುಡ್ಡು ಕೊಟ್ಟ ಕಂಪನಿಯ ಹೆಸರನ್ನು ಸ್ಟೇಡಿಯಂಗೆ ಇಡುವುದು), ಬಾಂಡ್ ಅಂತ ಬರೆದಿರುತ್ತಾರೆ. ಬಾಂಡ್ ಅಂದರೆ ಸಾಲ. ಸಾಲವನ್ನು ಹಣದ ಮೂಲ ಅಂತ ಬರೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾಳೆ ಬರಬಹುದಾದ ದುಡ್ಡನ್ನು ಇವತ್ತೇ ಖರ್ಚು ಮಾಡಲು ಸಾಲ ಅನುಕೂಲ ಮಾಡಿಕೊಡುತ್ತದೆ. ನಾಳೆ ಆ ದುಡ್ಡು ಬಾರದಿದ್ದರೆ ಕಟ್ಟುವವರು ಯಾರು ಎಂಬುದು ಸಾಲಪತ್ರದ ಸಹಿಯಲ್ಲಿದೆ. ಬರ್ಕ್ಲಿಯಲ್ಲಿ ಆ ಸಹಿ ಸೀಟು ಕೊಳ್ಳಬೇಕಿದ್ದ ಅಭಿಮಾನಿಯದ್ದಲ್ಲ, ಕ್ರೀಡಾ ವಿಭಾಗದ್ದೂ ಅಲ್ಲ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯದ್ದು.

ಮುಂದೆ ಏನಾಯಿತು ಅಂದರೆ, ಹೊಸ ಸ್ಟೇಡಿಯಂ ಬಂದ ಮರುವರ್ಷ, 2013ರಲ್ಲಿ, ತಂಡ ಹನ್ನೆರಡು ಪಂದ್ಯ ಆಡಿ ಹನ್ನೊಂದು ಸೋತಿತು. ಸೋಲುವ ತಂಡದ ಸೀಟಿಗೆ ಲಕ್ಷ ಡಾಲರ್ ಕೊಡಿ ಅಂತ ಕೇಳುವುದು ಕಷ್ಟ. ಕ್ರೀಡಾ ವಿಭಾಗ ವರ್ಷವರ್ಷ ಕೊರತೆಯಲ್ಲಿ ನಡೆಯಿತು. ಆ ಕೊರತೆಯಲ್ಲಿ ಈ ಬಡ್ಡಿಯದ್ದೇ ದೊಡ್ಡ ಪಾಲು. ಕೊನೆಗೆ 2018ರಲ್ಲಿ, ಕ್ಯಾರಲ್ ಕ್ರಿಸ್ಟ್ ಚಾನ್ಸೆಲರ್, ಅಂದರೆ ಕ್ಯಾಂಪಸ್ಸಿನ ಮುಖ್ಯಸ್ಥೆ, ಆಗಿದ್ದಾಗ, ಸಾಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕ್ರೀಡಾ ವಿಭಾಗದ ತಲೆಯಿಂದ ಇಳಿಸಿ ಕ್ಯಾಂಪಸ್ಸಿನ ತಲೆಗೆ ಹಾಕಿದರು. ಭೂಕಂಪದ ಬಲಪಡಿಸುವಿಕೆಗೆ ಆದ ಖರ್ಚು ಬೇರೆ ಕಟ್ಟಡಗಳ ಖರ್ಚಿನಂತೆಯೇ ಕ್ಯಾಂಪಸ್ಸಿನ ಜವಾಬ್ದಾರಿ ಎಂಬುದು ಅವರು ಕೊಟ್ಟ ಕಾರಣ.

ಆ ಕಾರಣ ನ್ಯಾಯವಾದದ್ದೇ. ಎಪ್ಪತ್ತು ಸಾವಿರ ಜನರ ಪ್ರಾಣದ ಪ್ರಶ್ನೆಯನ್ನು ಸೀಟು ಮಾರಾಟದ ಮೇಲೆ ಬಿಡಬಾರದು. ಆದರೆ ಈ ಮಾತನ್ನು 2009ರಲ್ಲೇ ಹೇಳಬೇಕಿತ್ತು. ‘ಇಷ್ಟು ಸುರಕ್ಷತೆಗೆ, ಇದನ್ನು ನಾವೆಲ್ಲ ಸೇರಿ ಕೊಡಬೇಕು, ಇಷ್ಟು ಐಷಾರಾಮಿ ಸೀಟಿಗೆ, ಇದನ್ನು ಅಭಿಮಾನಿಗಳು ಕೊಡಲಿ’ ಅಂತ ಬಿಡಿಸಿ ಹೇಳಿದ್ದರೆ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಮುಂಚೆಯೇ ಚರ್ಚೆ ಮಾಡುತ್ತಿದ್ದರು. ಕಟ್ಟಡ ಎದ್ದು ನಿಂತ ಮೇಲೆ ಚರ್ಚೆಗೆ ಜಾಗವೇ ಉಳಿಯುವುದಿಲ್ಲ.

ಈಗ ನಿಮ್ಮ ಮನೆಯ ವಾದಕ್ಕೆ ಬರೋಣ. ಮಗನ ಫೀಸಿನ ರಸೀದಿಯಲ್ಲಿ ‘ಸ್ಟೇಡಿಯಂ’ ಎಂಬ ಸಾಲು ಕಾಣುವುದಿಲ್ಲ. ಫೀಸಿನ ದುಡ್ಡನ್ನೇ ನೇರವಾಗಿ ಅಲ್ಲಿಗೆ ಕಳಿಸುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. ಆದರೆ ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಅಕ್ಕಿ ಡಬ್ಬಿಯಲ್ಲಿ ಒಂದಿಷ್ಟು ದುಡ್ಡು ಇಡುತ್ತಿದ್ದರಲ್ಲ, ಹಾಗೆ ಯೋಚಿಸಿ. ಹಬ್ಬದ ಖರ್ಚಿಗೆ ಸಾಸಿವೆ ಡಬ್ಬಿಯಿಂದ ತೆಗೆದೆ, ಅಕ್ಕಿ ಡಬ್ಬಿ ಮುಟ್ಟಿಲ್ಲ ಅನ್ನಬಹುದು. ಮಾತು ಸುಳ್ಳಲ್ಲ. ಆದರೂ ಮನೆಯಲ್ಲಿ ಅಷ್ಟು ದುಡ್ಡು ಕಡಿಮೆಯಾಗಿದೆ. ಕ್ಯಾಂಪಸ್ಸು ಯಾವ ಡಬ್ಬಿಯಿಂದ ಬಡ್ಡಿ ಕಟ್ಟಿದರೂ ಆ ದುಡ್ಡು ಲ್ಯಾಬಿಗೋ ಹಾಸ್ಟೆಲ್ಲಿಗೋ ಸ್ಕಾಲರ್‌ಶಿಪ್ಪಿಗೋ ಹೋಗಬಹುದಿತ್ತು. ನಿಮಗೆ ನಂಬಿಕೆ ಬರದೇ ಇದ್ದದ್ದಕ್ಕೆ ಕಾರಣ ಇದೆ.

ಅಲ್ಲಿಂದ ಗಂಟೆಯೊಳಗೆ ಕಾರಿನಲ್ಲಿ ಹೋಗಬಹುದಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ನೋಡಿ. ಅಲ್ಲಿಯೂ 1920ರ ದಶಕದ ದೊಡ್ಡ ಹಳೇ ಸ್ಟೇಡಿಯಂ ಇತ್ತು. ಎಂಬತ್ತೈದು ಸಾವಿರ ಸೀಟು, ಖಾಲಿ ಹೊಡೆಯುತ್ತಿದ್ದ ಪಂದ್ಯಗಳೇ ಜಾಸ್ತಿ. 2005ರ ಕೊನೆಯ ಪಂದ್ಯ ಮುಗಿದ ಕೂಡಲೇ ಒಡೆಯಲು ಶುರು ಮಾಡಿದರು. ಮುಂದಿನ ಸೆಪ್ಟೆಂಬರ್‌ಗೆ ಐವತ್ತು ಸಾವಿರ ಸೀಟಿನ ಹೊಸದು ಸಿದ್ಧವಾಯಿತು. ಖರ್ಚು ಸುಮಾರು 10 ಕೋಟಿ ಡಾಲರ್. ಹಳೇ ವಿದ್ಯಾರ್ಥಿ ಜಾನ್ ಅರಿಲಾಗಾ ಅವರೇ ದೊಡ್ಡ ದಾನಿ, ಕೆಲಸದ ಉಸ್ತುವಾರಿಯೂ ಅವರದೇ. ಕಟ್ಟಡ ಕಟ್ಟಿಸುವುದೇ ಅವರ ಜೀವಮಾನದ ಕಸುಬಾಗಿತ್ತು. ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ದಾನಿಯ ಶ್ರೀಮಂತಿಕೆಗಿಂತ ಇನ್ನೊಂದು ವಿಷಯ. ಅವರು ಸ್ಟೇಡಿಯಂ ಚಿಕ್ಕದು ಮಾಡಿದರು. ಎಷ್ಟು ಜನ ಬರುತ್ತಾರೋ ಅಷ್ಟು ಜನಕ್ಕೆ ಕಟ್ಟಿದರು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಧೈರ್ಯ ವಿಶ್ವವಿದ್ಯಾಲಯಗಳಿಗೆ ಬರುವುದು ಅಪರೂಪ. ನೆಲದ ಕೆಳಗೆ ಭೂಕಂಪದ ಬಿರುಕು ಇಲ್ಲದ್ದೂ ಅವರ ಪುಣ್ಯ, ಅದನ್ನು ಮರೆಯಬಾರದು. ಬರ್ಕ್ಲಿಗೆ ಆ ಆಯ್ಕೆ ಅಷ್ಟು ಸುಲಭವಾಗಿರಲಿಲ್ಲ.

ದಾನಿ ಒಬ್ಬರೇ ಆದರೂ ಎಲ್ಲ ಸುಸೂತ್ರವಾಗುತ್ತದೆ ಅಂತಲ್ಲ. ಓಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎಣ್ಣೆ ಉದ್ಯಮಿ ಬೂನ್ ಪಿಕೆನ್ಸ್ 2006ರಲ್ಲಿ 16.5 ಕೋಟಿ ಡಾಲರ್ ಕ್ರೀಡೆಗೆಂದು ಕೊಟ್ಟರು. ಸ್ಟೇಡಿಯಂಗೆ ಅವರದೇ ಹೆಸರು. ಆದರೆ ಆ ದುಡ್ಡು ಬ್ಯಾಂಕಿನಲ್ಲಿ ಕೂರಲಿಲ್ಲ, ಅವರದೇ ಹೂಡಿಕೆ ನಿಧಿಗೆ ಹೋಯಿತು. ಮೊದಲು ಚೆನ್ನಾಗಿ ಬೆಳೆಯಿತು. 2008ರಲ್ಲಿ ಮಾರುಕಟ್ಟೆ ಕುಸಿದಾಗ ಅದೂ ಕುಸಿಯಿತು. ಸ್ಟೇಡಿಯಂ ಕೆಲಸ ಮುಗಿಯಿತಾದರೂ ಪಕ್ಕದಲ್ಲಿ ಬರಬೇಕಿದ್ದ ಬೇರೆ ಆಟಗಳ ಸೌಲಭ್ಯಗಳು ನಿಂತುಹೋದವು. ಅದೇ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಇನ್ನೊಂದು ಉಪಾಯ ಮಾಡಿದರು. 65ರಿಂದ 85 ವರ್ಷದ 27 ಜನ ಅಭಿಮಾನಿಗಳ ಹೆಸರಿನಲ್ಲಿ ತಲಾ ಒಂದು ಕೋಟಿ ಡಾಲರ್‌ನ ಜೀವವಿಮೆ. ಪ್ರೀಮಿಯಂ ಕಟ್ಟುವುದು ಕ್ರೀಡಾ ವಿಭಾಗದ ಕಡೆಯವರು, ಆ ಅಭಿಮಾನಿಗಳು ತೀರಿಕೊಂಡಾಗ ವಿಮೆ ಹಣ ಕ್ರೀಡಾ ವಿಭಾಗಕ್ಕೆ. ಎರಡು ವರ್ಷದಲ್ಲಿ ಸುಮಾರು 3.3 ಕೋಟಿ ಡಾಲರ್ ಪ್ರೀಮಿಯಂ ಹೋಯಿತು. ಆ 27 ಜನರೂ ಗಟ್ಟಿಯಾಗಿಯೇ ಇದ್ದರು. ಯೋಜನೆ ಕೈಬಿಟ್ಟು ದುಡ್ಡು ವಾಪಸ್ ಕೊಡಿ ಅಂತ ಕೋರ್ಟಿಗೆ ಹೋದರು, ಸೋತರು. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುವುದು ಕಳೆದುಹೋದ ದುಡ್ಡಿಗೆ ಮಾತ್ರ ಅಲ್ಲ. ಒಂದು ವಿದ್ಯಾಸಂಸ್ಥೆ ತನ್ನ ಹಳೇ ವಿದ್ಯಾರ್ಥಿಗಳ ಆಯಸ್ಸಿನ ಮೇಲೆ ಲೆಕ್ಕ ಹಾಕುವ ಮಟ್ಟಕ್ಕೆ ಬಂದಿತಲ್ಲ ಅಂತ.

ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ್ದು ಬೇರೆ ರೀತಿಯ ಪಾಠ. ಅಲ್ಲಿ ಮೊದಲು ಗಟ್ಟಿ ಷರತ್ತು ಹಾಕಿದ್ದರು. ಅರ್ಧ ದುಡ್ಡು ದಾನವಾಗಿ ಕೈಗೆ ಬಂದರೆ ಮಾತ್ರ ಹೊಸ ಸ್ಟೇಡಿಯಂ ಅಂದರು, ಗಡುವನ್ನೂ ಇಟ್ಟರು. ಗಡುವು ಬಂದಾಗ ಆ ಅರ್ಧದ ಹತ್ತಿರಕ್ಕೂ ಮುಟ್ಟಿರಲಿಲ್ಲ. ಆದರೂ 2014ರ ಕೊನೆಯಲ್ಲಿ ಬಾಂಡ್ ತೆಗೆದು ಕಟ್ಟುವುದು ಅಂತ ತೀರ್ಮಾನವಾಯಿತು. 2017ರಲ್ಲಿ ಸ್ಟೇಡಿಯಂ ತೆರೆಯಿತು. ಆಮೇಲೆ ಒಂದು ಹಣಕಾಸು ಸಂಸ್ಥೆ ಹದಿನೈದು ವರ್ಷಕ್ಕೆ 3.77 ಕೋಟಿ ಡಾಲರ್ ಕೊಟ್ಟು ಹೆಸರಿನ ಹಕ್ಕು ತೆಗೆದುಕೊಂಡಿತು, ಸ್ವಲ್ಪ ಉಸಿರಾಡುವ ಹಾಗಾಯಿತು. ಷರತ್ತು ಹಾಕುವುದು ಒಳ್ಳೆಯದೇ. ಆದರೆ ಅದು ಮುರಿದಾಗ ಕೆಲಸ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೂ ಆಗಲೇ ಬರೆದಿಡಬೇಕು.

ಹೆಸರಿನ ಹಕ್ಕಿನ ಬಗ್ಗೆ ಎರಡು ಮಾತು. ಅದೂ ಖಾಸಗಿ ದುಡ್ಡೇ. ಬರ್ಕ್ಲಿಯಲ್ಲಿ 2013ರಲ್ಲಿ ಕಬಾಮ್ ಎಂಬ ಗೇಮ್ ಕಂಪನಿ ಹದಿನೈದು ವರ್ಷಕ್ಕೆ 1.8 ಕೋಟಿ ಡಾಲರ್‌ಗೆ ಮೈದಾನಕ್ಕೆ ಹೆಸರು ಇಟ್ಟಿತು. ಅವಧಿ ಮುಗಿಯುವ ಎಷ್ಟೋ ಮುಂಚೆ ಆ ಹೆಸರು ಹೋಯಿತು. 2021ರಲ್ಲಿ ಎಫ್‌ಟಿಎಕ್ಸ್ ಬಂತು, ಹತ್ತು ವರ್ಷಕ್ಕೆ 1.75 ಕೋಟಿ ಡಾಲರ್ ಅಂತ. 2022ರ ನವೆಂಬರ್‌ನಲ್ಲಿ ಆ ಕ್ರಿಪ್ಟೋ ಕಂಪನಿಯೇ ದಿವಾಳಿ. ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಸ್ಟೇಡಿಯಂಗೆ ಹೆಸರಿಟ್ಟಿದ್ದ ಪಿಜ್ಜಾ ಕಂಪನಿಯ ಸ್ಥಾಪಕರು ಜನಾಂಗೀಯ ನಿಂದನೆಯ ಪದ ಬಳಸಿದ ಸುದ್ದಿ ಬಂದ ಮೇಲೆ 2018ರಲ್ಲಿ ಸ್ಟೇಡಿಯಂನಿಂದ ಆ ಹೆಸರು ತೆಗೆದರು. ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದಲ್ಲಿ ಖಾಸಗಿ ಜೈಲುಗಳನ್ನು ನಡೆಸುವ ಜಿಇಒ ಗ್ರೂಪ್ 60 ಲಕ್ಷ ಡಾಲರ್ ಕೊಟ್ಟು ತನ್ನ ಹೆಸರಿಡಲು ಬಂದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. 2013ರಲ್ಲಿ ಎರಡೇ ತಿಂಗಳಲ್ಲಿ ಕಂಪನಿ ಹಿಂದೆ ಸರಿಯಿತು. ಆ ಹುಡುಗ ಹುಡುಗಿಯರ ಬಗ್ಗೆ ನನಗೆ ಹೆಮ್ಮೆ ಇದೆ. ಲೆಕ್ಕದ ಮಾತು ಹೇಳುವುದಾದರೆ, ಹತ್ತು ಹದಿನೈದು ವರ್ಷದ ಹೆಸರಿನ ಹಕ್ಕನ್ನು ನಂಬಿ ಮೂವತ್ತು ವರ್ಷದ ಸಾಲ ಮಾಡಬಾರದು.

ಖಾಸಗಿ ಅನ್ನುವ ದುಡ್ಡಿನೊಳಗೆ ಸರ್ಕಾರದ ಪಾಲು ಅಡಗಿರುತ್ತದೆ ಎಂಬುದೂ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ಒಂದು ನಿಯಮ ಇತ್ತು. ಸೀಟು ಕೊಳ್ಳುವ ಹಕ್ಕಿಗಾಗಿ ಕ್ರೀಡಾ ವಿಭಾಗಕ್ಕೆ ಕೊಟ್ಟ ದುಡ್ಡಿನಲ್ಲಿ ನೂರಕ್ಕೆ ಎಂಬತ್ತು ಭಾಗವನ್ನು ದಾನ ಅಂತ ತೋರಿಸಿ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಬಹುದಿತ್ತು. 2017ರ ತೆರಿಗೆ ಕಾನೂನು ಅದನ್ನು ತೆಗೆದುಹಾಕಿತು, 2018ರಿಂದ ಜಾರಿ. ಸೀಟು ಮಾರಿ ಸ್ಟೇಡಿಯಂ ಕಟ್ಟುತ್ತೇವೆ ಅನ್ನುವ ಯೋಜನೆಗಳಿಗೆ ಇದು ದೊಡ್ಡ ಏಟು. ಇನ್ನೊಂದು, ವಿಶ್ವವಿದ್ಯಾಲಯಗಳ ಬಾಂಡ್‌ಗಳಲ್ಲಿ ಹೆಚ್ಚಿನವಕ್ಕೆ ಬರುವ ಬಡ್ಡಿಗೆ ಹೂಡಿಕೆದಾರರು ಕೇಂದ್ರದ ಆದಾಯ ತೆರಿಗೆ ಕಟ್ಟಬೇಕಿಲ್ಲ. ಅದರಿಂದ ಬಡ್ಡಿದರ ಕಡಿಮೆಯಾಗುತ್ತದೆ. ಆ ತೆರಿಗೆ ಖೋತಾ ದೇಶದ ಖಜಾನೆಯದ್ದು. ಸ್ಟೇಡಿಯಂ ಕಡೆ ತಲೆ ಹಾಕದ ನೀವೂ ನಾನೂ ಅದರಲ್ಲಿ ಒಂದು ಚೂರು ಹೊರುತ್ತೇವೆ.

ಖಾಸಗಿ ದುಡ್ಡಿನಿಂದ ಕಟ್ಟಡದ ಆಕಾರವೂ ಬದಲಾಗುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಸ್ಟೇಡಿಯಂನಲ್ಲಿ ತವರಿನ ಪಂದ್ಯ ನಡೆಯುವುದು ವರ್ಷಕ್ಕೆ ಆರೋ ಏಳೋ ದಿನ. ಅಷ್ಟು ದಿನದಲ್ಲಿ ಬಂಡವಾಳ ವಾಪಸ್ ಬರಬೇಕಾದರೆ ದುಬಾರಿ ಸೀಟು, ಗಾಜಿನ ಕೋಣೆ, ಊಟದ ಕ್ಲಬ್ಬು ಬೇಕು. ಅದಕ್ಕೆ ಜಾಗ ಬರುವುದು ಸಾಮಾನ್ಯ ಬೆಂಚುಗಳನ್ನು ತೆಗೆದು. ಬರ್ಕ್ಲಿಯಲ್ಲಿ 72 ಸಾವಿರ ಇದ್ದದ್ದು 63 ಸಾವಿರಕ್ಕೆ ಇಳಿಯಿತು. ಷಿಕಾಗೋ ಪಕ್ಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 80 ಕೋಟಿ ಡಾಲರ್‌ಗೂ ಮೇಲಿನ ಯೋಜನೆ ಹಾಕಿ, 47 ಸಾವಿರ ಸೀಟಿನ ಹಳೆಯದನ್ನು ಒಡೆದು ಅದೇ ಜಾಗದಲ್ಲಿ 35 ಸಾವಿರ ಸೀಟಿನದನ್ನು ಎಬ್ಬಿಸಲು ಹೊರಟಿತು. ಅಲ್ಲಿ ರಯನ್ ಕುಟುಂಬ 2021ರಲ್ಲಿ ವಿಶ್ವವಿದ್ಯಾಲಯಕ್ಕೆ 48 ಕೋಟಿ ಡಾಲರ್ ಘೋಷಿಸಿತ್ತು, ಹಾಗಾಗಿ ದುಡ್ಡಿನ ಬುಡ ಗಟ್ಟಿ. ಆದರೂ ವರ್ಷದ ಉಳಿದ ದಿನ ಸಂಗೀತ ಕಾರ್ಯಕ್ರಮ ನಡೆಸಲು ಅನುಮತಿ ಬೇಕು ಅಂದಾಗ ಸುತ್ತಲಿನ ಮನೆಯವರು ವಿರೋಧಿಸಿದರು. ಊರಿನ ಕೌನ್ಸಿಲ್‌ನಲ್ಲಿ ಮತಗಳು ಸಮಸಮವಾಗಿ ಕೊನೆಗೆ ಮೇಯರ್ ಮತದಿಂದ 2023ರಲ್ಲಿ ಅನುಮತಿ ಸಿಕ್ಕಿತು. ಕಟ್ಟುವ ದುಡ್ಡು ದಾನಿಗಳದ್ದಾದರೂ ಟ್ರಾಫಿಕ್ಕು, ಗದ್ದಲ ಊರಿನವರ ಪಾಲಿಗೆ ಬರುತ್ತದೆ.

ಈಗ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ 2.05 ಕೋಟಿ ಡಾಲರ್‌ವರೆಗೆ. ಆಟಗಾರರಿಗೆ ಇದು ಎಂದೋ ಸಿಗಬೇಕಿತ್ತು ಅನ್ನುವವನು ನಾನು. ಆದರೆ ಅದೇ ದಾನಿಗಳ ಹತ್ತಿರ ಇನ್ನು ಮೇಲೆ ಎರಡು ಸಲ ಕೈ ಚಾಚಬೇಕು, ಒಮ್ಮೆ ಆಟಗಾರರಿಗೆ, ಒಮ್ಮೆ ಗ್ಯಾಲರಿಗೆ. ಬರ್ಕ್ಲಿ ಆಡುತ್ತಿದ್ದ ಪ್ಯಾಕ್-12 ಎಂಬ ವಿಶ್ವವಿದ್ಯಾಲಯ ತಂಡಗಳ ಕೂಟವೇ ಒಡೆದುಹೋಯಿತು. 2024ರಲ್ಲಿ ಬರ್ಕ್ಲಿ ಪೂರ್ವ ಕರಾವಳಿಯ ಕೂಟಕ್ಕೆ ಸೇರಿತು. ಅಲ್ಲಿ ಮೊದಲ ಏಳು ವರ್ಷ ಟಿವಿ ದುಡ್ಡಿನಲ್ಲಿ ಪೂರ್ತಿ ಪಾಲು ಸಿಗುವುದಿಲ್ಲ, ನೂರಕ್ಕೆ ಮೂವತ್ತು ಅಷ್ಟೇ. 2112ರವರೆಗಿನ ಸಾಲಕ್ಕೆ ಸಹಿ ಹಾಕಿದಾಗ ಹನ್ನೆರಡು ವರ್ಷದಲ್ಲಿ ಕೂಟವೇ ಒಡೆದುಹೋಗುತ್ತದೆ ಅಂತ ಯಾರು ತಾನೆ ಊಹಿಸಿದ್ದರು?

ಇನ್ನು ನಿಮ್ಮ ಊರಿನ ಕಾಲೇಜು. ಅಲ್ಲಿ ಮೊತ್ತ ಚಿಕ್ಕದು, ಆದರೆ ಪ್ರಶ್ನೆ ಅದೇ. ಸಂಘದವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿರುತ್ತಾರೆ. ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಓಡಿ ಬಂದ ಮಕ್ಕಳಿಗೆ ಒಂದು ಸರಿಯಾದ ಟ್ರ್ಯಾಕ್ ಸಿಗಲಿ ಅನ್ನುವ ಆಸೆ ನನಗೂ ಇದೆ. ಆದ್ದರಿಂದಲೇ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ ಅನ್ನುತ್ತೇನೆ.

ಮೊದಲು, ಒಟ್ಟು ಅಂದಾಜಿನಲ್ಲಿ ಎಷ್ಟು ದುಡ್ಡು ಬ್ಯಾಂಕಿಗೆ ಬಂದಿದೆ, ಎಷ್ಟು ‘ಕೊಡುತ್ತೇನೆ’ ಅನ್ನುವ ಬಾಯಿಮಾತು ಅಂತ ಕೇಳಿ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಹೇಳಿದರೆ ಬಿಡಿಸಿ ಹೇಳಿ ಅನ್ನಿ. ದುಡ್ಡು ಸಾಲದೇ ಹೋದರೆ ಕೆಲಸವನ್ನು ಎಲ್ಲಿಗೆ ನಿಲ್ಲಿಸುತ್ತಾರೆ ಅಂತಲೂ ಕೇಳಿ. ಅರ್ಧ ಎದ್ದ ಗ್ಯಾಲರಿಗೆ ಕೊನೆಗೆ ದುಡ್ಡು ಬರುವುದು ಕಾಲೇಜಿನ ಅಭಿವೃದ್ಧಿ ಶುಲ್ಕದಿಂದಲೇ. ಮೊದಲು ಟ್ರ್ಯಾಕ್, ಅದು ಮುಗಿದ ಮೇಲೆ ಗ್ಯಾಲರಿ ಅಂತ ಹಂತ ಮಾಡಿಕೊಂಡಿದ್ದರೆ ಒಳ್ಳೆಯದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡ.

ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ದುಡ್ಡು ಬರುತ್ತದೆ ಅಂತ ಹೇಳಿದರೆ ಅದರ ಸ್ವಭಾವ ಗೊತ್ತಿರಲಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡು ಭಾಗ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ. ಲಾಭ ಇಳಿದರೆ ಈ ದುಡ್ಡೂ ಇಳಿಯುತ್ತದೆ. ಹಲವು ವರ್ಷದ ಯೋಜನೆಯಾದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. ಹಾಗಾಗಿ ಕಟ್ಟಲು ಸಿಎಸ್‌ಆರ್ ನೆಚ್ಚಿಕೊಳ್ಳಬಹುದು. ಹತ್ತು ವರ್ಷದ ನಿರ್ವಹಣೆಗೆ ನೆಚ್ಚಿಕೊಳ್ಳಲು ಆಗುವುದಿಲ್ಲ.

ನಿರ್ವಹಣೆಯಲ್ಲೇ ಎಲ್ಲರೂ ಎಡವುವುದು. ಸಿಂಥೆಟಿಕ್ ಟ್ರ್ಯಾಕ್ ಹಾಕಿಸಿದ ಮೇಲೆ ಎಂಟು ಹತ್ತು ವರ್ಷಕ್ಕೆ ಮೇಲ್ಪದರ ಮತ್ತೆ ಹಾಕಿಸಬೇಕಾಗುತ್ತದೆ. ಅದರ ಮೇಲೆ ದನ ಓಡಾಡಬಾರದು, ಬೈಕ್ ನಿಲ್ಲಿಸಬಾರದು, ಸಮಾರಂಭಕ್ಕೆ ಶಾಮಿಯಾನದ ಗೂಟ ಹೊಡೆಯಬಾರದು. ಮಳೆ ನೀರು ನಿಲ್ಲಬಾರದು. ಕಾವಲಿನವರಿಗೆ ಸಂಬಳ, ದೀಪಕ್ಕೆ ಕರೆಂಟ್ ಬಿಲ್, ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವಂಥ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಬೇಕು. ಇದಕ್ಕೆಲ್ಲ ವರ್ಷಕ್ಕೆ ಎಷ್ಟು, ಯಾರ ಖಾತೆಯಿಂದ ಅಂತ ಬರೆದು ಕೊಡಲಿ. ಗ್ಯಾಲರಿಯ ಕಲ್ಲಿನ ಮೇಲೆ ಹೆಸರು ಬರುತ್ತದೆ ಅಂದರೆ ಕೊಡುವವರು ಸಿಗುತ್ತಾರೆ. ಕರೆಂಟ್ ಬಿಲ್ಲಿಗೆ ಕೊಡುವವರು ಸಿಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನನ್ನ ಪಾಲನ್ನು ನಿರ್ವಹಣಾ ನಿಧಿಗೇ ಕೊಡುತ್ತಿದ್ದೆ. ಅಸಲು ಮುಟ್ಟಬಾರದು, ಬಡ್ಡಿ ಮಾತ್ರ ಖರ್ಚು ಮಾಡಬೇಕು ಅಂತ ಬರೆಸಿಕೊಳ್ಳುತ್ತಿದ್ದೆ.

ಇನ್ನೊಂದು ಷರತ್ತನ್ನೂ ಹಾಕಿ: ಟ್ರ್ಯಾಕ್ ಮೇಲೆ ಓಡಲು ಕಾಲೇಜಿನ ಮಕ್ಕಳಿಗೆ ಶುಲ್ಕ ಇರಬಾರದು, ಬೆಳಗ್ಗೆ ಸಂಜೆಯ ಹೊತ್ತನ್ನು ಹೊರಗಿನ ಅಕಾಡೆಮಿಗೆ ಬಾಡಿಗೆಗೆ ಬಿಡಬಾರದು. ಬಾಡಿಗೆಯ ಆಸೆ ಬಂದ ಮೇಲೆ ಮಕ್ಕಳು ಗೇಟಿನ ಹೊರಗೆ ಉಳಿಯುವುದನ್ನು ನೋಡಿದ್ದೇನೆ. ತುಂಬಾ ನೋವಾಗುತ್ತದೆ.

ಕೊನೆಯದು ಕಾನೂನಿನ ವಿಷಯ, ದಯವಿಟ್ಟು ಹಗುರವಾಗಿ ತಗೋಬೇಡಿ. ನಿಮ್ಮ ಹತ್ತಿರ ಈಗಲೂ ಭಾರತದ ಪಾಸ್‌ಪೋರ್ಟ್ ಇದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಆಗ ಅದನ್ನು ಪಡೆಯುವ ಟ್ರಸ್ಟ್ ಅಥವಾ ಸಂಘಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಅಥವಾ ಅನುಮತಿ ಇರಬೇಕು. ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ಸಂಘದ ಖಾತೆಗೆ ಹಾಕಿ, ನಾವು ಕಾಲೇಜಿನ ಟ್ರಸ್ಟಿಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಸಿಕ್ಕಿಹಾಕಿಕೊಳ್ಳುವುದು ಅವರೇ, ಪಾಪ, ಗೊತ್ತಿಲ್ಲದೆ. ಊರಿನ ಕಾಲೇಜಿಗೆ ನೇರವಾಗಿ ಕೊಟ್ಟದ್ದಕ್ಕೆ ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ. ಅದಕ್ಕೆ ಅಮೆರಿಕದಲ್ಲೇ ನೋಂದಣಿಯಾದ ಧರ್ಮಾರ್ಥ ಸಂಸ್ಥೆಯ ಮೂಲಕ ಹೋಗಬೇಕು. ಆ ಸಂಸ್ಥೆ ಕಳಿಸಿದರೂ ಊರಿನ ಕಾಲೇಜಿನವರಿಗೆ ಅದು ವಿದೇಶಿ ದೇಣಿಗೆಯೇ.

ಯಜಮಾನರಿಗೆ ನನ್ನ ಮಾತು ಸಾಲದಿದ್ದರೆ ಒಂದು ಕಾಗದ ತೋರಿಸಿ. ಸರ್ಕಾರಿ ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳು ಪ್ರತಿವರ್ಷ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘಕ್ಕೆ ಆದಾಯ-ಖರ್ಚಿನ ವರದಿ ಕೊಡುತ್ತವೆ. ಸಾರ್ವಜನಿಕ ದಾಖಲೆ ಕಾನೂನಿನಡಿ ಅದನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಆದಾಯದ ಕಡೆ ‘ಸಂಸ್ಥೆಯಿಂದ ಬಂದ ನೆರವು’ ಎಂಬ ಸಾಲು, ಖರ್ಚಿನ ಕಡೆ ಕಟ್ಟಡಗಳ ಸಾಲದ ಕಂತು ಎಂಬ ಸಾಲು. ಆ ಎರಡನ್ನು ಐದಾರು ವರ್ಷದ್ದು ಪಕ್ಕಪಕ್ಕ ಇಟ್ಟು ಇಬ್ಬರೂ ಕೂತು ನೋಡಿ. ಮಗನನ್ನೂ ಕೂರಿಸಿಕೊಳ್ಳಿ. ಅವನ ವಿಶ್ವವಿದ್ಯಾಲಯ ಅಲ್ವಾ.